ಕುಂಟಾ ಕಿಂಟೆಯ ಕಥೆ ದುರ್ಗದ ಸೀಮೆಗೆ ಏಕೆ ಬೇಕು?

ಅಲೆಕ್ಸ್ ಹೇಲಿಯ ‘ರೂಟ್ಸ್’ 1976ರಲ್ಲಿ ಪ್ರಕಟವಾಯಿತು. ಆಫ್ರಿಕಾದ ಗ್ಯಾಂಬಿಯಾ ಸೀಮೆಯ ಜುಫೂರೆ ಹಳ್ಳಿಯಿಂದ 1767ರಲ್ಲಿ ಹಿಡಿದೊಯ್ದು ಅಮೆರಿಕದಲ್ಲಿ ಮಾರಲಾದ ಕುಂಟಾ ಕಿಂಟೆ ಎಂಬ ಹುಡುಗನಿಂದ ಹಿಡಿದು ಏಳು ತಲೆಮಾರುಗಳ ಕಥೆ ಅದು. ಅದನ್ನು ‘ತಲೆಮಾರು’ ಎಂದು ಕನ್ನಡಕ್ಕೆ ತಂದವರು ಬಂಜಗೆರೆ ಜಯಪ್ರಕಾಶ್. ಅವರ ಹೆಸರಿನ ಜೊತೆಗಿರುವ ಬಂಜಗೆರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಊರು. ಕಪ್ಪು ಜನರ ಸಾಹಿತ್ಯ ಓದಿ ದೂರದವರ ಕಷ್ಟಕ್ಕೆ ಮರುಗುವುದು ಸುಲಭ. ಆದರೆ ದಾಖಲೆಯಲ್ಲಿ ಹೆಸರೇ ಇಲ್ಲದವರ ಚರಿತ್ರೆಯನ್ನು ಹುಡುಕುವ ಬಗೆಯನ್ನು ಅದರಿಂದ ಕಲಿಯಬೇಕಿದೆ, ಚಿತ್ರದುರ್ಗ ಜಿಲ್ಲೆಗಂತೂ ಆ ಕಲಿಕೆ ತುರ್ತಾಗಿ ಬೇಕು ಎಂಬುದು ನನ್ನ ವಾದ.

ಒನಕೆ ಓಬವ್ವನನ್ನೇ ನೋಡಿ. ಹೈದರಾಲಿಯ ಪಡೆ ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿತ್ತು. ಕಾವಲಿನ ಗಂಡ ಉಣ್ಣಲು ಕೂತಿದ್ದಾಗ ನೀರಿಗೆಂದು ಹೋದವಳು, ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಬಡಿದು ಕೊಂದಳು ಎಂಬ ಕಥೆ ಮಕ್ಕಳಿಗೂ ಗೊತ್ತು. 1972ರ ‘ನಾಗರಹಾವು’ ಚಿತ್ರ ಅವಳನ್ನು ಮನೆಮನೆಗೆ ಮುಟ್ಟಿಸಿತು. ಕಿಂಡಿಗೆ, ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಜಯಂತಿ ಆಚರಿಸುತ್ತಿದೆ. ಅವಳು ಛಲವಾದಿ ಸಮುದಾಯದ ಹೆಣ್ಣುಮಗಳು ಎಂಬ ಮಾತು ಆಗೀಗ ಕಿವಿಗೆ ಬೀಳುತ್ತದೆ. ಆದರೆ ಅವಳ ಕುಲದವರು ಕೋಟೆಯೊಳಗೆ ಎಲ್ಲಿ ನೀರು ತರುತ್ತಿದ್ದರು, ಯಾವ ಗುಡಿಯ ಹೊರಗೆ ನಿಲ್ಲುತ್ತಿದ್ದರು, 1779ರಲ್ಲಿ ಕೋಟೆ ಬಿದ್ದ ಮೇಲೆ ಅವರ ಪಾಡೇನಾಯಿತು ಎಂದು ಕೇಳುವವರು ಕಡಿಮೆ. ಓಬವ್ವ ನಮ್ಮವಳಾದಳು, ಅವಳ ಕೇರಿ ನಮ್ಮದಾಗಲಿಲ್ಲ. ಹಿರಿಯೂರಿನ ಮಾರಿಕಣಿವೆಯದೂ ಇದೇ ಕಥೆ. 1907ರಲ್ಲಿ ಮುಗಿದ ಆ ಅಣೆಕಟ್ಟಿಗೆ ರಾಣಿ ವಾಣಿವಿಲಾಸರ ಹೆಸರಿದೆ; ಕಲ್ಲು ಹೊತ್ತವರ ಒಂದು ಹೆಸರನ್ನೂ ನಾವು ಶಾಲೆಯಲ್ಲಿ ಹೇಳಿಕೊಡುವುದಿಲ್ಲ.

‘ರೂಟ್ಸ್’ ನಂಬುವಂಥದ್ದಲ್ಲ ಎಂಬ ಆಕ್ಷೇಪವಿದೆ, ಅದಕ್ಕೆ ಆಧಾರವೂ ಇದೆ. ಬೇರೊಬ್ಬರ ಕಾದಂಬರಿಯಿಂದ ಎತ್ತಿಕೊಂಡ ಭಾಗಗಳಿವೆ ಎಂಬ ಮೊಕದ್ದಮೆ 1978ರಲ್ಲಿ ರಾಜಿಯಲ್ಲಿ ಮುಗಿಯಿತು. ಹೇಲಿಗೆ ಜುಫೂರೆಯಲ್ಲಿ ವಂಶಾವಳಿ ಹೇಳಿದವನ ಮಾತನ್ನೂ ವಿದ್ವಾಂಸರು ಶಂಕಿಸಿದರು. ಹಾಗಾಗಿ ಅದನ್ನು ದಾಖಲೆ ಎಂದು ಓದಬಾರದು, ಕಾದಂಬರಿ ಎಂದೇ ಓದಬೇಕು. ಆದರೂ ಬಾಯಿಮಾತಿನ ನೆನಪಿಗೂ ಬೆಲೆಯಿದೆ, ಅದನ್ನು ಪರೀಕ್ಷಿಸಿ ಬಳಸಬೇಕು ಎಂಬ ಅರಿವು ಈ ಜಗಳದಿಂದಲೇ ಗಟ್ಟಿಯಾಯಿತು. ಅಂಥ ನೆನಪು ನಮ್ಮಲ್ಲೂ ಇದೆ. ಒಕ್ಕಲು ಮನೆತನಗಳ ವಂಶಾವಳಿ ಹೇಳಲು ಎತ್ತಿನ ಮೇಲೆ ಹೆಳವರು ಬರುತ್ತಿದ್ದರು. ಕಾಡುಗೊಲ್ಲರ ಜುಂಜಪ್ಪ, ಮ್ಯಾಸಬೇಡರ ಗಾದ್ರಿಪಾಲನಾಯಕರಂಥ ವೀರರು ಉಳಿದಿರುವುದು ಹಾಡಿನಲ್ಲಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಹಾಡುಗಾರ್ತಿ ಸಿರಿಯಜ್ಜಿ ಅಕ್ಷರ ಕಲಿತಿರಲಿಲ್ಲ. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡಿದ್ದರಿಂದ ಅವರ ಹಾಡುಗಳು ನಮಗೆ ಸಿಕ್ಕವು.

ಜಾತಿ ಬೇರೆ, ಬಣ್ಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ತಪ್ಪು ಎಂಬ ಇನ್ನೊಂದು ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿಯಾದದ್ದು. ನಿಜ, ಅಮೆರಿಕದಲ್ಲಿ ಚರ್ಮ ನೋಡಿ ಗುರುತಿಸುತ್ತಿದ್ದರು, ಇಲ್ಲಿ ಊರು, ಕೇರಿ, ಕಸುಬು ವಿಚಾರಿಸುತ್ತಾರೆ. ಇಲ್ಲಿಯ ಮೇಲುಕೀಳಿಗೆ ಶಾಸ್ತ್ರದ ಒತ್ತಾಸೆಯೂ ಇತ್ತು. ಆದರೂ ಜ್ಯೋತಿಬಾ ಫುಲೆ 1873ರಲ್ಲೇ ‘ಗುಲಾಮಗಿರಿ’ಯನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರರು 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬೋಯ್ಸ್‌ಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನರು ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಎರಡೂ ಒಂದೇ ಎಂದು ಇವರು ಭಾವಿಸಿರಲಿಲ್ಲ. ಹೋರಾಟದ ದಾರಿ ತಿಳಿಯಬಯಸಿದ್ದರು. ಇನ್ನು ಕಪ್ಪು ಜನರ ಕಥೆ ನಮಗೆ ಪೂರ್ತಿ ಹೊರಗಿನದೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಆಫ್ರಿಕಾ ಮೂಲದ ಕನ್ನಡಿಗರೇ. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಟ್ಟಿ, ಕೇರಿ, ತಾಂಡಾಗಳಲ್ಲಿ ಅಜ್ಜಿಯರು ಇನ್ನೂ ಇದ್ದಾರೆ. ‘ತಲೆಮಾರು’ ಓದಿದ ಹುಡುಗ ಹುಡುಗಿಯರು ಈ ವರ್ಷವೇ ಅವರ ಬಳಿ ಕೂತು, ನಿಮ್ಮ ಹಿರೀಕರು ಯಾರು, ಎಲ್ಲಿಂದ ಬಂದರು, ಯಾರ ಹೊಲದಲ್ಲಿ ದುಡಿದರು ಎಂದು ಕೇಳಿ ಬರೆದಿಡಲಿ.