ದ್ಯುತಿವಿಯೋಜಕ: ನಾಮವಿಚಾರವೂ ವಸ್ತುವಿಚಾರವೂ

ಒಂದೇ ವಸ್ತುವಿಗೆ ಪರಸ್ಪರ ವಿರುದ್ಧಾರ್ಥಕಗಳಾದ ಎರಡು ಹೆಸರುಗಳು ರೂಢಿಯಲ್ಲಿರುವುದು ವಿರಳ. ಇಲೆಕ್ಟ್ರಾನಿಕ್ ಉಪಕರಣಗಳಲ್ಲಿರುವ ಒಂದು ಚಿಕ್ಕ ಅಂಗವನ್ನು ಆಂಗ್ಲರು ‘ಆಪ್ಟೊ-ಐಸೊಲೇಟರ್’ ಎಂದೂ ‘ಆಪ್ಟೊ-ಕಪ್ಲರ್’ ಎಂದೂ ಕರೆಯುವರು. ಮೊದಲನೆಯದಕ್ಕೆ ಬೆಳಕಿನ ಮೂಲಕ ಬೇರ್ಪಡಿಸುವುದೆಂದೂ ಎರಡನೆಯದಕ್ಕೆ ಬೆಳಕಿನ ಮೂಲಕ ಕೂಡಿಸುವುದೆಂದೂ ಅರ್ಥ. ಕನ್ನಡದಲ್ಲಿ ಪಾರಿಭಾಷಿಕ ಶಬ್ದವನ್ನು ಕಲ್ಪಿಸುವಾಗ ಇವುಗಳಲ್ಲಿ ಯಾವುದನ್ನು ಅನುಸರಿಸತಕ್ಕದ್ದೆಂಬುದು ವಿಚಾರಾರ್ಹವಾದುದರಿಂದ, ವಸ್ತುಸ್ವರೂಪವನ್ನು ಮೊದಲು ನಿರೂಪಿಸುವೆವು.

ಇದರ ಒಂದು ಪಾರ್ಶ್ವದಲ್ಲಿ, ವಿದ್ಯುತ್ತು ಹರಿದಾಗ ಬೆಳಕನ್ನು ಸೂಸುವ ಎಲ್‌ಇಡಿ ಇರುವುದು. ಆ ಬೆಳಕು ಬಹುಮಟ್ಟಿಗೆ ಕಣ್ಣಿಗೆ ಕಾಣದ ಅವರಕ್ತ ಕಿರಣವೇ. ಮತ್ತೊಂದು ಪಾರ್ಶ್ವದಲ್ಲಿ, ಬೆಳಕು ಬಿದ್ದಾಗ ವಿದ್ಯುತ್ತಿಗೆ ದಾರಿಗೊಡುವ ಸಿಲಿಕಾನ್ ಫೋಟೊಟ್ರಾನ್ಸಿಸ್ಟರ್. ನಡುವೆ ಬೆಳಕು ದಾಟಬಲ್ಲ, ವಿದ್ಯುತ್ತು ದಾಟಲಾರದ ಪದಾರ್ಥ. ಸಂಕೇತವು ಬೆಳಕಾಗಿ ದಾಟಿ ಮರಳಿ ವಿದ್ಯುತ್ತಾಗುವುದು. ಎರಡು ಪಾರ್ಶ್ವಗಳ ನಡುವೆ ಸಾವಿರಾರು ವೋಲ್ಟುಗಳ ಅಂತರವಿದ್ದರೂ ಇದು ತಡೆದುಕೊಳ್ಳುವುದು. ವಿಯೋಗವು ವಿದ್ಯುತ್ತಿಗೆ, ಸಂಯೋಗವು ಸಂಕೇತಕ್ಕೆ. ವಿಷಯಭೇದವಿರುವುದರಿಂದ ನಾಮಗಳಲ್ಲಿ ವಿರೋಧವಿಲ್ಲ.

ಸಂಗೀತವಾದ್ಯಗಳ ಉದಾಹರಣೆಯು ಸ್ವಾರಸ್ಯವಾದುದು. ಇಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸ್ವರಾಜ್ಞೆಗಳನ್ನು ಕಳುಹಿಸುವುದಕ್ಕಾಗಿ 1983ರಲ್ಲಿ ‘ಮಿಡಿ’ ಎಂಬ ನಿಯಮಾವಳಿಯು ಪ್ರಕಟವಾಯಿತು. (ತಂತಿಯನ್ನು ಮಿಡಿಯುವ ನಮ್ಮ ಧಾತುವಿಗೂ ಇದಕ್ಕೂ ಇರುವುದು ಕಾಕತಾಳೀಯ ಸಾದೃಶ್ಯವಷ್ಟೆ.) ಎರಡು ಯಂತ್ರಗಳು ತಂತಿಯ ಹೊದಿಕೆಯಿಂದಲೂ ಭೂಸಂಪರ್ಕದಿಂದಲೂ ಜೋಡಿಸಲ್ಪಟ್ಟರೆ ಒಂದು ವಲಯವೇರ್ಪಟ್ಟು, ಅದರಲ್ಲಿ ಮನೆಯ ವಿದ್ಯುತ್ತಿನ ಆಂದೋಲನವು ಸುಳಿದು, ಗುಂಯ್‌ಗುಡುವ ಅಪಶ್ರುತಿಯು ಕೇಳಿಬರುವುದು. ಆದಕಾರಣ ಗ್ರಾಹಕಯಂತ್ರದ ಬಾಗಿಲಲ್ಲಿ ಈ ವಿಯೋಜಕವು ಇರತಕ್ಕದ್ದೆಂದೂ, ಹೊದಿಕೆಯನ್ನು ಪ್ರೇಷಕಪಾರ್ಶ್ವದಲ್ಲಿ ಮಾತ್ರ ಭೂಮಿಗೆ ಸೇರಿಸತಕ್ಕದ್ದೆಂದೂ ವಿಧಿಸಿದರು. ಸೆಕೆಂಡಿಗೆ 31,250 ಸಂಕೇತಗಳು ಬರುವುದರಿಂದ ಒಂದೊಂದಕ್ಕೂ ದೊರೆಯುವ ಕಾಲವು ಸೆಕೆಂಡಿನ ಹತ್ತುಲಕ್ಷದಲ್ಲಿ 32 ಭಾಗ. ಸಾಮಾನ್ಯ ಫೋಟೊಟ್ರಾನ್ಸಿಸ್ಟರ್ ಬೆಳಕು ಆರಿದ ಮೇಲೂ ಸ್ವಲ್ಪ ಕಾಲ ತೆರೆದೇ ಇರುವುದರಿಂದ, ಇಲ್ಲಿ ಶೀಘ್ರಗತಿಯ ಜಾತಿಗಳೇ ಬೇಕಾದುವು.

ಅಪಶ್ರುತಿಗಿಂತ ಪ್ರಾಣಭಯವು ದೊಡ್ಡದು. ರೋಗಿಯ ಹೃದಯಸ್ಪಂದನವನ್ನು ಬರೆಯುವ ಯಂತ್ರದಲ್ಲಿ, ಶರೀರಕ್ಕೆ ತಗುಲಿದ ತಂತಿಗಳಿಗೂ ಗೋಡೆಯ ವಿದ್ಯುತ್ತಿಗೂ ಸಂಪರ್ಕವುಂಟಾಗದಂತೆ ಇಂತಹ ವಿಯೋಜಕವನ್ನು ಇಡುವರು. ಕೈಫೋನಿನ ಚಾರ್ಜರಿನಲ್ಲಿಯೂ, ಹೊರಗಿನ ವೋಲ್ಟೇಜು ಹೆಚ್ಚಿತೋ ಕುಗ್ಗಿತೋ ಎಂಬ ವರದಿಯು ಅನೇಕವೇಳೆ ಇದರ ಮೂಲಕವೇ ಒಳಗಿನ ಅಪಾಯಕರ ಪಾರ್ಶ್ವಕ್ಕೆ ಮುಟ್ಟುವುದು.

ಇದಕ್ಕೆ ಮುಪ್ಪೂ ಉಂಟು. ಒಳಗೆ ಕೊಟ್ಟ ಪ್ರವಾಹದಲ್ಲಿ ಹೊರಗೆ ದೊರೆಯುವುದೆಷ್ಟೆಂಬ ಅನುಪಾತವು 4ಎನ್25 ಎಂಬ ಪ್ರಸಿದ್ಧ ಜಾತಿಯಲ್ಲಿ ಕನಿಷ್ಠ ನೂರಕ್ಕೆ 20; ವರ್ಷಗಳು ಕಳೆದಂತೆ ಎಲ್‌ಇಡಿಯ ಕಾಂತಿಯು ಕುಂದಿ ಅನುಪಾತವು ಇಳಿಯುವುದು.

ಇನ್ನು ಹೆಸರು. ‘ದ್ಯುತಿಸಂಧಿ’ ಎಂಬುದು ಕಿವಿಗೆ ಇಂಪು. ಆದರೆ ಸಂಧಿಯಲ್ಲಿ ವರ್ಣಗಳು ಒಂದನ್ನೊಂದು ಮುಟ್ಟುವುವು, ಇಲ್ಲಿ ಮುಟ್ಟದಿರುವುದೇ ಮುಖ್ಯ. ‘ದ್ಯುತಿವಿಯೋಜಕ’ವೇ ನಮಗೆ ಸಮ್ಮತ. ಕೂಡಿಸುವುದೆಂದು ಕಲಿತ ವಿದ್ಯಾರ್ಥಿಯು ಎರಡು ಪಾರ್ಶ್ವಗಳ ಭೂತಂತಿಗಳನ್ನೂ ಕೂಡಿಸಿಬಿಟ್ಟಾನು. ಆಗಲೂ ಯಂತ್ರವು ಎಂದಿನಂತೆ ನಡೆಯುವುದು. ರಕ್ಷಣೆಯು ಹೋಯಿತೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.