ಗುಡಿಯ ಕತ್ತಲೆ, ಚಿತ್ರದ ಬೆಳಕು

ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಬರುವ ಪ್ರವಾಸಿಗರು ಹೊರಗೋಡೆಯ ಶಿಲ್ಪಗಳ ಚಿತ್ರವನ್ನು ಮನದಣಿಯೆ ತೆಗೆದುಕೊಂಡು, ಬಳಿಕ ನವರಂಗದೊಳಗೆ ಕಾಲಿಡುತ್ತಾರೆ. ಹದಿಮೂರನೆಯ ಶತಮಾನದ ಈ ಹೊಯ್ಸಳ ಗುಡಿಯೊಳಗೆ ನುಣುಪಾಗಿ ಕಡೆದ ಕಂಬಗಳಿವೆ. ತಲೆಯೆತ್ತಿದರೆ ಹೂವಿನಂತೆ ಅರಳಿದ ಭುವನೇಶ್ವರಿಗಳಿವೆ. ಕಣ್ಣು ಮೆಲ್ಲಮೆಲ್ಲನೆ ಕತ್ತಲೆಗೆ ಹೊಂದಿಕೊಂಡು ಅವನ್ನೆಲ್ಲ ಕಾಣುತ್ತದೆ. ಕ್ಯಾಮೆರಾ ಮಾತ್ರ ಸೋಲುತ್ತದೆ. ಮನೆಗೆ ಹೋಗಿ ನೋಡಿದರೆ ಚಿತ್ರದ ತುಂಬ ಕಪ್ಪು. ಕಪ್ಪಿನ ಮೇಲೆ ರಾಗಿ ಚೆಲ್ಲಿದಂತೆ ಕಾಳು ಕಾಳು.

ಈ ಕಾಳುಗಳು ಎಲ್ಲಿಂದ ಬಂದವು? ಬೆಳಕು ಮಳೆಯಂತೆ ಬಿಡಿಬಿಡಿ ಹನಿಗಳಾಗಿ ಬೀಳುತ್ತದೆ. ಧಾರಾಕಾರವಾಗಿ ಸುರಿದಾಗ ಅಂಗಳದ ಚಪ್ಪಡಿಗಳೆಲ್ಲ ಸಮನಾಗಿ ನೆನೆಯುತ್ತವೆ. ನಾಲ್ಕು ಹನಿ ಉದುರಿದಾಗಲಾದರೋ ಒಂದು ಕಲ್ಲು ಒದ್ದೆ, ಇನ್ನೊಂದು ಒಣ. ಕ್ಯಾಮೆರಾದ ಐ.ಎಸ್.ಒ. ಸಂಖ್ಯೆಯನ್ನು ಏರಿಸಿದರೆ ಹನಿಗಳು ಹೆಚ್ಚುವುದಿಲ್ಲ. ಬಿದ್ದಷ್ಟೇ ಹಿಗ್ಗಿ ಕಾಣುತ್ತದೆ. ಬೆಳಕು ನಾಲ್ಕು ಪಟ್ಟಾದರೆ ಕಾಳಿನ ಕಾಟ ಅರ್ಧಕ್ಕೆ ಇಳಿಯುತ್ತದೆ.

ಆದುದರಿಂದ ಮೊದಲ ಮದ್ದು ತಾಳ್ಮೆ. ಕೈಯಲ್ಲಿ ಹಿಡಿದು ಸೆಕೆಂಡಿನ 1/30 ಭಾಗದಲ್ಲಿ ತೆಗೆಯುವ ಚಿತ್ರವನ್ನು, ಕ್ಯಾಮೆರಾವನ್ನು ಅಲುಗದಂತೆ ಇರಿಸಿ 2 ಸೆಕೆಂಡು ತೆಗೆದರೆ 60 ಪಟ್ಟು ಬೆಳಕು ದೊರೆಯುತ್ತದೆ. ಮುಕ್ಕಾಲಿಗೆ ಅನುಮತಿಯಿಲ್ಲದ ಕಡೆ ನೆಲವೇ ಮುಕ್ಕಾಲಿ. ಮಸೂರ ಮೇಲ್ಮುಖವಾಗಿರುವಂತೆ ಫೋನನ್ನು ನೆಲದ ಮೇಲಿರಿಸಿ, ತಾನಾಗಿ ಗುಂಡಿಯೊತ್ತುವ ಟೈಮರನ್ನು ಹೂಡಿ ಪಕ್ಕಕ್ಕೆ ಸರಿದರೆ ಸಾಕು, ಭುವನೇಶ್ವರಿ ಮೂಡಿಬರುತ್ತದೆ.

ಎರಡನೆಯದು ಬೆಳಕಿನ ದಿಕ್ಕು. ನಾಗಮಂಗಲದ ಸೌಮ್ಯಕೇಶವ, ಪಾಂಡವಪುರ ತಾಲ್ಲೂಕಿನ ತೊಣ್ಣೂರಿನ ನಂಬಿನಾರಾಯಣ ಮೊದಲಾದ ಗುಡಿಗಳಲ್ಲಿ ಹೊರಗಿನ ಬಿಸಿಲು ಒಳಗಣ ಕಂಬಗಳವರೆಗೆ ಕಷ್ಟದಿಂದ ತಲಪುತ್ತದೆ. ಉರಿಯುವ ಬಾಗಿಲು ಚಿತ್ರದ ಚೌಕಟ್ಟಿನೊಳಗೆ ಬಂದರೆ ಕ್ಯಾಮೆರಾ ಮೋಸಹೋಗಿ ಉಳಿದುದನ್ನೆಲ್ಲ ಮಸಿಯಾಗಿಸುತ್ತದೆ. ಬಾಗಿಲನ್ನು ಬೆನ್ನಿಗೋ ಪಕ್ಕಕ್ಕೋ ಇಟ್ಟುಕೊಳ್ಳುವುದು ಜಾಣತನ. ಪೂರ್ವದ ಬಾಗಿಲಿಗೆ ಬೆಳಗಿನ ಹೊತ್ತು ಲೇಸು. ಫ್ಲಾಶ್ ದೀಪವು ಎದುರಿನಿಂದ ಹೊಡೆದು ನೆರಳನ್ನೇ ಅಳಿಸುತ್ತದೆ. ನೆರಳಿಲ್ಲದ ಶಿಲ್ಪ ಹಲಗೆಯಂತೆ ಚಪ್ಪಟೆ. ಪಕ್ಕದಿಂದ ಓರೆಯಾಗಿ ಬಿದ್ದ ಮಂದ ಬೆಳಕೇ ಉಳಿಯ ಗುರುತನ್ನು ಎತ್ತಿ ತೋರಿಸುವುದು.

ಈಗಾಗಲೇ ಕೆಟ್ಟಿರುವ ಚಿತ್ರದ ಗತಿಯೇನು? ಕ್ಯಾಮೆರಾ ತನ್ನ ಮೂಲರೂಪವಾದ 'ರಾ' ಕಡತವನ್ನು ಉಳಿಸಿದ್ದರೆ ಆಸೆಯುಂಟು. ಸಾಮಾನ್ಯ ಜೆಪೆಗ್ ಕಡತ ಪ್ರತಿ ಬಣ್ಣದಲ್ಲಿ 256 ಛಾಯೆಗಳನ್ನಷ್ಟೇ ಹಿಡಿದಿಟ್ಟರೆ, 14 ಬಿಟ್ಟಿನ ಮೂಲ ಕಡತದಲ್ಲಿ 16,384 ಛಾಯೆಗಳಿಗೆ ಎಡೆಯಿದೆ. ಕತ್ತಲೆಯೊಳಗೆ ಅಡಗಿರುವುದನ್ನು ಅದರಿಂದ ಮೇಲೆತ್ತಬಹುದು. ಕದಲದೆ ತೆಗೆದ 16 ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ಮಾಡಿದರೆ ಕಾಳು ಕಾಲುಭಾಗಕ್ಕೆ ಇಳಿಯುತ್ತದೆ. ಕಪ್ಪು-ಬಿಳುಪಿಗೆ ತಿರುಗಿಸಿದರೆ ಬಣ್ಣಬಣ್ಣದ ಚುಕ್ಕೆಗಳಾದರೂ ಮರೆಯಾಗುತ್ತವೆ.

ಇಷ್ಟರ ಆಚೆಗೆ ಅಪಾಯವಿದೆ. ಇಂದಿನ ಕೆಲವು ತಂತ್ರಾಂಶಗಳು ಕಾಳನ್ನು ಒರೆಸುವುದಷ್ಟೇ ಅಲ್ಲ, ಕಾಣದಿದ್ದ ಕಣ್ಣು ಮೂಗುಗಳನ್ನು ಊಹಿಸಿ ತುಂಬುತ್ತವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಥೆ ಇಲ್ಲಿ ನೆನೆಯತಕ್ಕದ್ದು. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಮುತ್ತಿಗೆಗೆ ಮುನ್ನ ಅದು ಕೆಡಿಸಲ್ಪಟ್ಟಿತು. 1799ರ ಬಳಿಕ ಅಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಸರಿಪಡಿಸಿದನು. ಮತ್ತೆ ಮಾಸಿದಾಗ, ಮೂಲವನ್ನು ನೆನಪಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬನಿಂದ ಲಾರ್ಡ್ ಡಾಲ್‌ಹೌಸಿ ಪುನಃ ಬರೆಯಿಸಿದನೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಚಿತ್ರವೇನೋ ಉಳಿಯಿತು. ಆದರೆ ಯಾವ ಗೆರೆ ಮೊದಲ ಕುಂಚದ್ದು, ಯಾವುದು ನೆನಪಿನದು ಎಂದು ಬೇರ್ಪಡಿಸುವುದು ನೋಡುಗನಿಗೆ ಸುಲಭವಲ್ಲ. ಆ ಚಿತ್ರಕಾರನಾದರೋ ಮೂಲವನ್ನು ಕಂಡಿದ್ದವನು. ಯಂತ್ರವು ಹೊಸಹೊಳಲಿನ ಶಿಲ್ಪಿಯ ಕೈಯನ್ನು ಬಲ್ಲುದೆ?

ನಾಳೆ ಶಿಲ್ಪಕ್ಕೆ ಊನವೊದಗಿದರೆ ಇಂದಿನ ಚಿತ್ರವೇ ಸಾಕ್ಷಿ. ಸಾಕ್ಷಿ ಮಸುಕಾಗಿರಬಹುದು, ಸುಳ್ಳಾಗಬಾರದು. ಮೂಲ ಕಡತವನ್ನು ದಿನಾಂಕ, ಸ್ಥಳಗಳೊಡನೆ ಹಾಗೆಯೇ ಕಾಪಾಡಿ, ತಿದ್ದಿದುದನ್ನು ಬೇರೆಯಾಗಿ ಇಡುವುದು ಲೇಸು. ಅದೂ ಸಾಲದೆಂದಾದರೆ, ಗುಡಿ ಅಲ್ಲಿಯೇ ಇದೆ. ಅರ್ಚಕರ ಅನುಮತಿ ಪಡೆದು ಇನ್ನೊಂದು ಬೆಳಗ್ಗೆ ಹೋಗಿ ಬರಬಹುದು.