30 ಸ್ಯಾಂಪಲ್ ಸಾಕೇ?

ಪ್ರಶ್ನೆ: ಲೀನಿಯರ್ ರಿಗ್ರೆಷನ್‌ಗೆ 30 ಸ್ಯಾಂಪಲ್ ಇದ್ದರೆ ಸಾಕು ಅನ್ನುತ್ತಾರೆ. ನಿಜವೇ?

ಉತ್ತರ: ಆ 30 ಎಲ್ಲದಕ್ಕೂ ಒಗ್ಗುವ ಸಂಖ್ಯೆಯಲ್ಲ. ಎರಡೇ ಬಿಂದುಗಳಿದ್ದರೆ ಗೆರೆ ಎರಡರ ಮೇಲೂ ಕರಾರುವಾಕ್ಕಾಗಿ ಹಾಯುತ್ತದೆ. ತಪ್ಪು ಸೊನ್ನೆ, ತಿಳಿದದ್ದೂ ಸೊನ್ನೆ! ಹತ್ತು ಸ್ಯಾಂಪಲ್ಲಿಗೆ ಫಲಿತಾಂಶ ಊಹಿಸುವ ಒಂಬತ್ತು ಅಂಶಗಳನ್ನು ತುರುಕಿದರೂ ಇದೇ ಕಥೆ. ಒಂದೊಂದು ಅಂಶದ ಪ್ರಭಾವವನ್ನು ಬಿಡಿಯಾಗಿ ಪರೀಕ್ಷಿಸಲು 104ಕ್ಕೆ ಅಂಶಗಳ ಸಂಖ್ಯೆ ಕೂಡಿಸಿ ಅನ್ನುವುದು ಸಂಶೋಧಕ ಸ್ಯಾಮ್ಯುಯೆಲ್ ಗ್ರೀನ್ 1991ರಲ್ಲಿ ಚರ್ಚಿಸಿದ ಲೆಕ್ಕ. ಮನೆ ಬಾಡಿಗೆಯನ್ನು ಅಳತೆ, ಮಹಡಿ, ಬಸ್‌ಸ್ಟಾಪಿನ ದೂರ ಮುಂತಾದ ಐದು ಅಂಶಗಳಿಂದ ಅಂದಾಜಿಸುವುದಾದರೆ 109 ಮನೆ ಬೇಕು. ಅದೂ ಮಧ್ಯಮ ಪ್ರಭಾವಕ್ಕೆ. ಸಣ್ಣದನ್ನು ಹಿಡಿಯಲು ನೂರಾರು.

ಹಾಗಂತ ಸಂಖ್ಯೆಯೊಂದನ್ನೇ ನಂಬುವಂತಿಲ್ಲ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕಂಬ್ ತಲಾ 11 ಬಿಂದುಗಳ ನಾಲ್ಕು ಗುಂಪು ಹೆಣೆದರು. ನಾಲ್ಕಕ್ಕೂ ಹೆಚ್ಚುಕಮ್ಮಿ ಒಂದೇ ಗೆರೆ! ಗ್ರಾಫ್ ಎಳೆದರೆ ಒಂದು ಬಿಲ್ಲಿನಂತೆ ಬಾಗಿದೆ. ಇನ್ನೊಂದರಲ್ಲಿ ದೂರದ ಒಂಟಿ ಬಿಂದುವೇ ಗೆರೆಯ ಇಳಿಜಾರನ್ನು ಪೂರ್ತಿ ನಿರ್ಧರಿಸಿದೆ.